ಗಾಯಗೊಂಡವನ ದಿನಗಳನ್ನು ಹಾಜರಿ ಪುಸ್ತಕದಿಂದ ಎಣಿಸಬೇಡಿ: ಕಾರ್ಖಾನೆಗಳ ಇಲಾಖೆಗೆ ಕೊಪ್ಪಳದಿಂದ ಒಂದು ಬಹಿರಂಗ ಪತ್ರ

ಗೆ,
ನಿರ್ದೇಶಕರು,
ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆ,
ಬೆಂಗಳೂರು.

ಮಾನ್ಯರೇ,

ಕಾರ್ಖಾನೆಯಲ್ಲಿ ಪೆಟ್ಟಾದ ಕಾರ್ಮಿಕ ಎಷ್ಟು ದಿನ ದುಡಿಯಲಾರದೆ ಉಳಿದ ಎಂಬ ಲೆಕ್ಕವನ್ನು ಹಾಜರಿ ಪುಸ್ತಕ ನೋಡಿ ಬರೆಯುವುದು ನಿಲ್ಲಬೇಕು. ವೈದ್ಯರ ಚೀಟಿ ನೋಡಿ ಬರೆಯುವುದು ಶುರುವಾಗಬೇಕು. ನಾನು ಮುಖ್ಯವಾಗಿ ಕೇಳುತ್ತಿರುವುದು ಇದನ್ನೇ. ಇಷ್ಟಕ್ಕೆ ಬಹಿರಂಗ ಪತ್ರ ಏಕೆ ಎಂದರೆ, ಇದೇ ಮಾತನ್ನು ಅರ್ಜಿಯ ರೂಪದಲ್ಲಿ ಬೇರೆ ಬೇರೆಯವರ ಹೆಸರಿನಲ್ಲಿ ಬಹಳ ಸಲ ಬರೆದಿದ್ದೇನೆ. ಪ್ರತಿ ಅರ್ಜಿಯೂ ಒಬ್ಬೊಬ್ಬನ ಪ್ರಕರಣವಾಗಿ ಒಂದೊಂದು ಕಡತ ಸೇರುತ್ತದೆ. ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡುವ ಕಡತ ನನಗಂತೂ ಕಂಡಿಲ್ಲ.

ನಾನು ಕೊಪ್ಪಳದಲ್ಲಿ ಅರ್ಜಿ ಬರೆಯುವವನು. ಒಂದು ಮೇಜು, ಎರಡು ಕುರ್ಚಿ, ಹಳೆಯ ಕಂಪ್ಯೂಟರು, ಅದಕ್ಕಿಂತ ಹಳೆಯ ಪ್ರಿಂಟರು. ಪಹಣಿ ತಿದ್ದುಪಡಿ, ವೃದ್ಧಾಪ್ಯ ವೇತನ, ಪಡಿತರ ಚೀಟಿಗಳ ನಡುವೆ ಗಿಣಿಗೇರಿ, ಹಿರೇಬಗನಾಳದ ಕಡೆಯಿಂದಲೂ, ಕೆಲವೊಮ್ಮೆ ತುಂಗಭದ್ರೆಯ ಆಚೆಯ ತೋರಣಗಲ್ಲು, ಕುಡಿತಿನಿಗಳಿಂದಲೂ ಕೈಗೋ ಕಾಲಿಗೋ ಪಟ್ಟಿ ಕಟ್ಟಿಕೊಂಡವರು ಬರುತ್ತಾರೆ. ಬಂದವರು ಮೊದಲು ಎಕ್ಸ್‌ರೇ ತೆಗೆದು ತೋರಿಸುತ್ತಾರೆ. ನನಗೆ ಬೇಕಾಗುವುದು ದಿನಾಂಕಗಳು. ಪೆಟ್ಟಾದದ್ದು ಯಾವ ದಿನ, ಯಾವ ಪಾಳಿ, ಮರಳಿ ಕೆಲಸಕ್ಕೆ ಹೋದದ್ದು ಯಾವ ದಿನ, ಅದು ಅದೇ ಕೆಲಸವೋ ಬೇರೆಯದೋ. ಎಲುಬು ಎಲ್ಲಿ ಮುರಿದಿದೆ ಎಂದು ಎಕ್ಸ್‌ರೇ ಹೇಳುತ್ತದೆ. ಹಣ ಬರುತ್ತದೋ ಇಲ್ಲವೋ ಎಂದು ಹೇಳುವುದು ಈ ದಿನಾಂಕಗಳು. ಅವು ಕಾರ್ಮಿಕನ ಬಳಿ ಇರುವುದಿಲ್ಲ, ಕಾರ್ಖಾನೆಯ ಬಳಿ ಇರುತ್ತವೆ.

ಒಂದು ಪ್ರಕರಣ ಹೇಳುತ್ತೇನೆ. ಹುಡುಗನ ಒಪ್ಪಿಗೆ ಇದೆ, ಹೆಸರು ಮಾತ್ರ ಬೇಡವೆಂದಿದ್ದಾನೆ. ಕಾರ್ಖಾನೆಯ ಹೆಸರನ್ನೂ ನಾನಾಗಿಯೇ ಬಿಟ್ಟಿದ್ದೇನೆ. ಒಂದು ಗೇಟಿನ ಮೇಲೆ ದೂರು ಹೇಳಲು ಈ ಪತ್ರ ಬರೆಯುತ್ತಿಲ್ಲ.

ಅದೊಂದು ಸ್ಪಾಂಜ್ ಐರನ್ ಘಟಕ, ಅಂದರೆ ಅದಿರಿನಿಂದ ಕಬ್ಬಿಣ ತೆಗೆಯುವ ಕಾರ್ಖಾನೆ. ಅದಿರು, ಕಲ್ಲಿದ್ದಲು, ಡೋಲೊಮೈಟ್‌ಗಳನ್ನು ಕಿಲ್ನ್ ಎಂಬ ಕುಲುಮೆಯ ಕಡೆಗೆ ಒಯ್ಯುವ ಬೆಲ್ಟಿನ ಬಾಲದಲ್ಲಿ ಒಂದು ಪುಲ್ಲಿ ಇರುತ್ತದೆ. ಬೆಲ್ಟಿನಿಂದ ಉದುರಿದ ಪುಡಿ ಅದರ ಕೆಳಗೆ ಗುಡ್ಡೆಯಾಗುತ್ತದೆ. ಬೆಲ್ಟ್ ನಿಲ್ಲಿಸಿ ಬಳಿಯಬೇಕೆಂಬುದು ನಿಯಮ. ನಿಲ್ಲಿಸಿದರೆ ಕಿಲ್ನಿಗೆ ಮಾಲು ತಪ್ಪುತ್ತದೆ, ಮಾಲು ತಪ್ಪಿದರೆ ಸೂಪರ್‌ವೈಸರ್ ಉತ್ತರ ಕೊಡಬೇಕಾಗುತ್ತದೆ, ಹಾಗಾಗಿ ಓಡುವ ಬೆಲ್ಟಿನ ಕೆಳಗೇ ಸಲಿಕೆ ಹಾಕುವುದು ರೂಢಿ. ಒಂದು ಶುಕ್ರವಾರ ಎರಡನೇ ಪಾಳಿಯಲ್ಲಿ ಪುಲ್ಲಿ ಸಲಿಕೆಯನ್ನು ಎಳೆದುಕೊಂಡಿತು, ಸಲಿಕೆಯ ಹಿಂದೆ ಬಲಗೈ ಹೋಯಿತು. ತೋರುಬೆರಳು ಮತ್ತು ನಡುಬೆರಳಿನ ಸ್ನಾಯುರಜ್ಜು ತುಂಡಾದವು. ಅದೇ ರಾತ್ರಿ ಖಾಸಗಿ ದವಾಖಾನೆಯೊಂದರಲ್ಲಿ ಅವನ್ನು ಜೋಡಿಸಿದರು. ಬಿಡುಗಡೆ ಚೀಟಿಯಲ್ಲಿ ವೈದ್ಯರು ಬರೆದದ್ದು ಸ್ಪಷ್ಟವಾಗಿದೆ: ಆರು ವಾರ ಪಟ್ಟಿ ಬಿಚ್ಚುವಂತಿಲ್ಲ, ಮೂರು ತಿಂಗಳು ಭಾರ ಎತ್ತುವಂತಿಲ್ಲ.

ಈಗ ಹಾಜರಿ ಪುಸ್ತಕ ನೋಡಿ. ಶನಿವಾರ ಅವನದೇ ಗಳಿಕೆ ರಜೆಯಲ್ಲಿ ಒಂದು ದಿನ ಕಳೆದಿದ್ದಾರೆ. ಭಾನುವಾರ ವಾರದ ರಜೆ. ಸೋಮವಾರ ಗವಿಮಠದ ಜಾತ್ರೆಯ ರಜೆ. ಮಂಗಳವಾರದಿಂದ ತಿಂಗಳ ಕೊನೆಯವರೆಗೆ ಸಾಲಾಗಿ ಹಾಜರು. ಗುತ್ತಿಗೆದಾರನ ಜೀಪು ಮನೆಗೇ ಬಂದು ಕರೆದೊಯ್ದಿದೆ. ಬೆರಳಚ್ಚಿನ ಯಂತ್ರಕ್ಕೆ ಅವನು ಮೊದಲು ಕೊಟ್ಟಿದ್ದು ಬಲಗೈಯ ತೋರುಬೆರಳು, ಅದು ಈಗ ಪಟ್ಟಿಯೊಳಗಿದೆ. ಹಾಗಾಗಿ ಮಂಗಳವಾರ ಬೆಳಿಗ್ಗೆ ಯಂತ್ರದಲ್ಲಿ ಎಡಗೈಯ ಹೆಬ್ಬೆರಳನ್ನು ಹೊಸದಾಗಿ ದಾಖಲಿಸಿದ್ದಾರೆ. ಆಮೇಲೆ ಲಾರಿ ತೂಗುವ ವೇಬ್ರಿಡ್ಜಿನ ಪಕ್ಕದ ಕೋಣೆಯಲ್ಲಿ ಕೂರಿಸಿ, ಕಲ್ಲಿದ್ದಲಿನ ಲಾರಿ ಬಂದಾಗೆಲ್ಲ ಎಡಗೈಯಿಂದ ಒಂದು ಗೀಟು ಎಳೆಯಲು ಹೇಳಿದ್ದಾರೆ. ಇದಕ್ಕೆ ಲೈಟ್ ಡ್ಯೂಟಿ ಎನ್ನುತ್ತಾರೆ.

ಕಾರ್ಖಾನೆಯ ಲೆಕ್ಕದಲ್ಲಿ ಈ ಅಪಘಾತದಿಂದ ಕಳೆದ ದಿನಗಳು ಸೊನ್ನೆ. ಆದರೆ ಪಟ್ಟಿ ಬಿಚ್ಚುವ ಮೊದಲು, ಯಾರೂ ಹೇಳದಿದ್ದರೂ ಆ ಯಂತ್ರ ಒಂದು ಸಾಕ್ಷ್ಯ ಬರೆದಿಟ್ಟುಕೊಂಡಿದೆ. ಆರೋಗ್ಯವಾಗಿರುವ ಮನುಷ್ಯ ಜಾತ್ರೆಯ ಮರುದಿನ ಬೆಳಿಗ್ಗೆ ಬಂದು ತನ್ನ ಬೆರಳನ್ನು ಬದಲಾಯಿಸುವುದಿಲ್ಲ. ತಪಾಸಣೆಗೆ ಬರುವ ಅಧಿಕಾರಿಗಳು ಒಂದೇ ಒಂದು ಸಲ ‘ಈ ವರ್ಷ ಯಾರ ಯಾರ ಬೆರಳಚ್ಚು ಮರುದಾಖಲಾಗಿದೆ, ಪಟ್ಟಿ ಕೊಡಿ’ ಎಂದು ಕೇಳಲಿ. ಮುಂದಿನದನ್ನು ಯಂತ್ರವೇ ಹೇಳುತ್ತದೆ.

ಕಾಯಿದೆಯ ಮಾತಿಗೆ ಬರೋಣ. ನನಗಿಂತ ನಿಮಗೆ ಚೆನ್ನಾಗಿ ಗೊತ್ತು, ಆದರೂ ಇದು ಬಹಿರಂಗ ಪತ್ರವಾದ್ದರಿಂದ ಓದುವ ಕಾರ್ಮಿಕರಿಗಾಗಿ ಬರೆಯುತ್ತೇನೆ. 1948ರ ಕಾರ್ಖಾನೆಗಳ ಕಾಯಿದೆಯ 88ನೇ ಕಲಂ ಪ್ರಕಾರ, ಪೆಟ್ಟಾದವನು ಅಪಘಾತದ ಬೆನ್ನಿಗೆ 48 ಗಂಟೆ ಅಥವಾ ಹೆಚ್ಚು ಕಾಲ ಕೆಲಸ ಮಾಡಲಾಗದೆ ಹೋದರೆ ಅಧಿಕಾರಿಗಳಿಗೆ ನೋಟಿಸು ಕಳುಹಿಸಲೇಬೇಕಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯಲ್ಲೂ ಅದೇ 48 ಗಂಟೆ ಉಳಿದಿದೆ. ಸಂಡೂರಿನ ಅದಿರು ಗಣಿಗಳಿಗೂ ಹಟ್ಟಿಯ ಚಿನ್ನದ ಗಣಿಗೂ ಅನ್ವಯವಾಗುತ್ತಿದ್ದ 1952ರ ಗಣಿ ಕಾಯಿದೆಯಲ್ಲಿ ಗಡುವು ಬೇರೆ ಇತ್ತು: 24 ಗಂಟೆ ಮೀರಿದರೆ ವಹಿಯಲ್ಲಿ ಬರೆಯಬೇಕಿತ್ತು, 72 ಗಂಟೆ ಆದರೆ ವರದಿ ಮಾಡಬೇಕಿತ್ತು. ಪರಿಹಾರದ ವಿಷಯದಲ್ಲಿ 1923ರ ನೌಕರರ ಪರಿಹಾರ ಕಾಯಿದೆ ಮೂರು ದಿನ ಮೀರಿದ ಅಸಾಮರ್ಥ್ಯವನ್ನು ಕೇಳುತ್ತಿತ್ತು, ಹೊಸ ಸಾಮಾಜಿಕ ಭದ್ರತಾ ಸಂಹಿತೆಗೂ ಅದೇ ಮೂರು ದಿನ ನಡೆದುಬಂದಿದೆ. ಇ.ಎಸ್.ಐ.ನಲ್ಲಿ, ಅಂದರೆ ನೌಕರರ ರಾಜ್ಯ ವಿಮಾ ಯೋಜನೆಯಲ್ಲಿ, ಅಸಾಮರ್ಥ್ಯ ಅಪಘಾತದ ದಿನ ಬಿಟ್ಟು ಮೂರು ದಿನಕ್ಕೆ ಕಡಿಮೆ ಇರಬಾರದು.

ಈ ಎಲ್ಲ ಗಡುವುಗಳೂ ಕೇಳುವ ಪ್ರಶ್ನೆ ಒಂದೇ: ಅವನಿಗೆ ದುಡಿಯಲು ಆಗುತ್ತಿತ್ತೇ? ಆ ದಿನ ಪಾಳಿ ಇತ್ತೇ, ರಜೆ ಇತ್ತೇ, ಜಾತ್ರೆ ಇತ್ತೇ ಎಂದು ಯಾವ ಕಲಮೂ ಕೇಳುವುದಿಲ್ಲ. ನಮ್ಮ ಹುಡುಗನ ಶನಿವಾರ, ಭಾನುವಾರಗಳಲ್ಲೇ 48 ಗಂಟೆ ತುಂಬಿತು, ನೋಟಿಸಿನ ಹೊಣೆ ಹುಟ್ಟಿತು. ಸೋಮವಾರಕ್ಕೆ ಇ.ಎಸ್.ಐ.ನ ಮೂರು ದಿನ ತುಂಬಿತು. ಮಂಗಳವಾರ ದಾಟಿದ್ದರೆ ಪರಿಹಾರ ಕಾಯಿದೆಯ ಗಡುವೂ ಮೀರುತ್ತಿತ್ತು. ಜೀಪು ಮಂಗಳವಾರವೇ ಏಕೆ ಬಂತು ಎಂದು ಆ ಹುಡುಗನ ತಾಯಿ ನನ್ನನ್ನು ಕೇಳಿದ್ದರು. ‘ಒಳ್ಳೆಯವರಪ್ಪ, ಗಾಡಿ ಕಳಿಸಿದರು’ ಎಂದೇ ಅವರು ಅಲ್ಲಿಯವರೆಗೆ ತಿಳಿದಿದ್ದರು.

ದಿನಗಳನ್ನು ಹೇಗೆ ಎಣಿಸಬೇಕೆಂಬುದಕ್ಕೆ ಹೊಸದಾಗಿ ಸಮಿತಿ ಮಾಡುವ ಅಗತ್ಯವೂ ಇಲ್ಲ. ಭಾರತೀಯ ಮಾನಕ ಸಂಸ್ಥೆಯ ಐ.ಎಸ್. 3786 ಎಂಬ ಮಾನಕ ಇದಕ್ಕೆಂದೇ ಇದೆ, 1983ರದು. ಪೆಟ್ಟಾದ ದಿನವನ್ನೂ ಮರಳಿ ಕೆಲಸಕ್ಕೆ ಬಂದ ದಿನವನ್ನೂ ಬಿಟ್ಟು ನಡುವಿನ ಎಲ್ಲ ದಿನಗಳನ್ನೂ ಎಣಿಸಬೇಕು. ಭಾನುವಾರ, ರಜೆ, ಕಾರ್ಖಾನೆ ಮುಚ್ಚಿದ ದಿನ ಎಲ್ಲವೂ ಸೇರಬೇಕು. ಕೆಲಸಕ್ಕೆ ಬಂದವನು ಅದೇ ಗಾಯದಿಂದ ಮತ್ತೆ ಮಲಗಿದರೆ ಆ ದಿನಗಳೂ ಅದೇ ಲೆಕ್ಕಕ್ಕೆ ಸೇರಬೇಕು. ಒಂದು ಸಾವಿಗೆ 6,000 ದಿನ ಎಂದು ಹಿಡಿಯುತ್ತಾರೆ.

ಮತ್ತೆ ಮಲಗಿದರೆ ಎಂದೆನಲ್ಲ, ಆ ಹುಡುಗನಿಗೆ ಆದದ್ದೂ ಅದೇ. ನಾಲ್ಕನೆಯ ವಾರದಲ್ಲಿ ಇನ್ನೊಬ್ಬನ ಕಾಲಿಗೆ ಪೆಟ್ಟಾಯಿತು. ವೇಬ್ರಿಡ್ಜಿನ ಕೋಣೆಯಲ್ಲಿ ಇದ್ದದ್ದು ಒಂದೇ ಕುರ್ಚಿ. ಇವನನ್ನು ಎಬ್ಬಿಸಿ ಬೆಲ್ಟಿನ ಕಡೆಗೆ ಕಳುಹಿಸಿದರು. ಎರಡನೆಯ ದಿನವೇ ಬುಟ್ಟಿ ಎತ್ತುವಾಗ ನಡುಬೆರಳಿನ ಹೊಲಿಗೆ ಒಳಗೊಳಗೇ ಬಿಟ್ಟಿತು. ಮತ್ತೆ ಶಸ್ತ್ರಚಿಕಿತ್ಸೆ. ಈ ಸಲ ಗುತ್ತಿಗೆದಾರನ ಗುಮಾಸ್ತ ಬರೆಸಿಕೊಂಡದ್ದು, ಮನೆಯ ಬಚ್ಚಲಲ್ಲಿ ಜಾರಿ ಬಿದ್ದೆ ಎಂದು. ಹುಡುಗ ಎಡಗೈಯಿಂದ ಸಹಿ ಹಾಕಿದ್ದಾನೆ. ಆ ಸಹಿಯ ವಕ್ರತೆ ನೋಡಿದರೆ ಸಾಕು, ಬಲಗೈ ಆಗಲೇ ಹೋಗಿತ್ತೆಂದು ಯಾರಿಗಾದರೂ ತಿಳಿಯುತ್ತದೆ.

ಮನೆಯಲ್ಲಿ ಬಿದ್ದದ್ದಾದರೆ ಅದು ಕಾಯಿಲೆಯ ಲೆಕ್ಕ. ಇ.ಎಸ್.ಐ.ನಲ್ಲಿ ಕಾಯಿಲೆಗೆ ಸರಾಸರಿ ದಿನಗೂಲಿಯ ಶೇ. 70, ಅದೂ ವರ್ಷಕ್ಕೆ 91 ದಿನಗಳವರೆಗೆ. ಕೆಲಸದಲ್ಲಿ ಆದ ಗಾಯವಾದರೆ ಶೇ. 90, ಅಸಾಮರ್ಥ್ಯ ಇರುವಷ್ಟು ದಿನವೂ. ದಿನಕ್ಕೆ 500 ರೂಪಾಯಿ ದುಡಿಯುವವನಿಗೆ 350ಕ್ಕೂ 450ಕ್ಕೂ ಇರುವ ಅಂತರ ಅದು. ಕಾಯಿಲೆಗೆ ಇಷ್ಟು ದಿನ ವಂತಿಗೆ ಕಟ್ಟಿರಬೇಕೆಂಬ ಷರತ್ತು ಇದೆ, ಕೆಲಸದ ಗಾಯಕ್ಕೆ ಆ ಷರತ್ತಿಲ್ಲ. ಸೇರಿದ ಮೊದಲ ದಿನವೇ ಪೆಟ್ಟಾದರೂ ಹಕ್ಕಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಬೆರಳು ಕಡೆಗೂ ಮಡಚದೆ ಉಳಿದರೆ ಅದು ಕೆಲಸದಲ್ಲಿ ಆದ ಗಾಯ ಎಂದು ದಾಖಲೆ ಇದ್ದಾಗ ಮಾತ್ರ ಶಾಶ್ವತ ಅಂಗವೈಕಲ್ಯದ ಹಣಕ್ಕೆ ವೈದ್ಯಕೀಯ ಮಂಡಳಿಯ ಮುಂದೆ ಹೋಗಬಹುದು. ಅಪಘಾತ ವರದಿ ಹೋಗದಿದ್ದರೆ ಮೊದಲಿನಿಂದ ಸಾಬೀತುಪಡಿಸುತ್ತ ಕೂರಬೇಕು.

ಇ.ಎಸ್.ಐ. ವ್ಯಾಪ್ತಿಗೆ ಬರದವರ ಪಾಡು ಇನ್ನೂ ಸೂಕ್ಷ್ಮ. 1923ರ ಕಾಯಿದೆಯ ಲೆಕ್ಕ ಹೀಗಿತ್ತು: ತಾತ್ಕಾಲಿಕ ಅಸಾಮರ್ಥ್ಯಕ್ಕೆ ಪ್ರತಿ ಅರ್ಧ ತಿಂಗಳಿಗೆ ತಿಂಗಳ ಪಗಾರದ ಶೇ. 25. ಅಸಾಮರ್ಥ್ಯ 28 ದಿನಕ್ಕಿಂತ ಕಡಿಮೆಯಾದರೆ ಮೊದಲ ಮೂರು ದಿನ ಲೆಕ್ಕಕ್ಕಿಲ್ಲ. 28 ದಿನ ಮುಟ್ಟಿದರೆ ಮೊದಲ ದಿನದಿಂದಲೇ ಲೆಕ್ಕ. 2020ರ ಜನವರಿಯಿಂದ ಲೆಕ್ಕಕ್ಕೆ ಹಿಡಿಯುತ್ತಿದ್ದ ಪಗಾರದ ಮಿತಿ 15,000 ರೂಪಾಯಿ. ಅಂಥವನಿಗೆ ಅರ್ಧ ತಿಂಗಳಿಗೆ 3,750, ಅಂದರೆ ದಿನಕ್ಕೆ ಸುಮಾರು 250. 27 ದಿನ ಮಲಗಿದರೆ 24 ದಿನದ ಸುಮಾರು 6,000, 28 ದಿನ ಮಲಗಿದರೆ ಸುಮಾರು 7,000. ಒಂದು ಭಾನುವಾರ ಲೆಕ್ಕಕ್ಕೆ ಸೇರಿತೋ ಬಿಟ್ಟಿತೋ ಎಂಬುದರ ಮೇಲೆ ಒಂದು ಸಾವಿರ ರೂಪಾಯಿ ನಿಂತಿದೆ. ಹಣ ಕೊಡುವ ಗುಮಾಸ್ತನೇ ದಿನವನ್ನೂ ಎಣಿಸುತ್ತಾನೆ ಎಂದಮೇಲೆ ಭಾನುವಾರ ಯಾವ ಕಡೆಗೆ ವಾಲುತ್ತದೆ ಎಂದು ಊಹಿಸಲು ಲೆಕ್ಕಶಾಸ್ತ್ರ ಬೇಕಿಲ್ಲ.

ಇಲ್ಲಿ ಕಾರ್ಮಿಕರ ಕಡೆಯ ಒಂದು ಸತ್ಯವನ್ನೂ ಹೇಳಿಬಿಡಬೇಕು. ಲೈಟ್ ಡ್ಯೂಟಿಯನ್ನು ಬಹಳಷ್ಟು ಜನ ತಾವಾಗಿಯೇ ಬೇಡಿ ಪಡೆಯುತ್ತಾರೆ. ಅರ್ಧ ಪಗಾರದ ಪರಿಹಾರಕ್ಕೂ, ಯಾವಾಗಲೋ ಖಾತೆಗೆ ಬೀಳುವ ಶೇ. 90ಕ್ಕೂ ಕಾಯುವುದಕ್ಕಿಂತ ಕುರ್ಚಿಯಲ್ಲಿ ಕುಳಿತು ಪೂರ್ತಿ ಪಗಾರ ಪಡೆಯುವುದು ಮೇಲು. ಕಂತು ಕಟ್ಟುವವನಿಗೆ ಕಾನೂನು ಸಲಹೆ ಹೊಟ್ಟೆ ತುಂಬಿಸುವುದಿಲ್ಲ. ವೈದ್ಯರು ಒಪ್ಪಿ, ಕಾರ್ಮಿಕ ಒಪ್ಪಿ, ಮೈಗೆ ಆಗುವ ಕೆಲಸ ಕೊಟ್ಟರೆ ಅದರಲ್ಲಿ ತಪ್ಪಿಲ್ಲ; ಒಳ್ಳೆಯದೇ. ಹಾಗಾಗಿ ಲೈಟ್ ಡ್ಯೂಟಿ ನಿಲ್ಲಿಸಿ ಎಂದು ನಾನು ಕೇಳುತ್ತಿಲ್ಲ. ಅದನ್ನೂ ಎಣಿಸಿ ಎನ್ನುತ್ತಿದ್ದೇನೆ. ಬೆಲ್ಟಿನ ಕೆಲಸದವನು ಬೆಲ್ಟಿನ ಕೆಲಸ ಮಾಡಲಾಗದೆ ವೇಬ್ರಿಡ್ಜಿನಲ್ಲಿ ಕುಳಿತ ದಿನ ಅಪಘಾತದಿಂದ ಹೋದ ದಿನವೇ. ಅದಕ್ಕೆ ವಹಿಯಲ್ಲಿ ಪ್ರತ್ಯೇಕ ಅಂಕಣ ಬೇಕು.

ಅಮೆರಿಕದಲ್ಲಿ ಹಾಗೆ ಮಾಡುತ್ತಾರೆ. ಅಲ್ಲಿ ಓಶಾ ಎಂಬ ಕಾರ್ಮಿಕ ಸುರಕ್ಷತಾ ಸಂಸ್ಥೆಯ ನಿಯಮದಂತೆ ಗಾಯದ ದಾಖಲೆಯ ಪುಟದಲ್ಲಿ ಎರಡು ಅಂಕಣ ಇವೆ: ಕೆಲಸದಿಂದ ದೂರ ಉಳಿದ ದಿನಗಳು ಒಂದು, ಬೇರೆ ಅಥವಾ ಹಗುರ ಕೆಲಸದಲ್ಲಿ ಕಳೆದ ದಿನಗಳು ಇನ್ನೊಂದು. ಎಣಿಕೆ ಗಾಯದ ಮರುದಿನದಿಂದ ಶುರು, ವಾರದ ರಜೆ, ಹಬ್ಬ ಎಲ್ಲವೂ ಸೇರಿ. 180 ದಿನ ದಾಟಿದರೆ ಮುಂದೆ ಎಣಿಸಬೇಕಿಲ್ಲ. ವರ್ಷದ ಮೊತ್ತವನ್ನು ಫೆಬ್ರುವರಿ 1ರಿಂದ ಏಪ್ರಿಲ್ 30ರವರೆಗೆ ಕೆಲಸಗಾರರ ಕಣ್ಣಿಗೆ ಬೀಳುವಲ್ಲಿ ಅಂಟಿಸಬೇಕು. ಅಲ್ಲಿ ಯಾರೂ ಕದಿಯುವುದಿಲ್ಲ ಎಂದು ನಾನು ನಂಬಿಲ್ಲ. ಆದರೆ ಅಲ್ಲಿ ಲೈಟ್ ಡ್ಯೂಟಿಯ ದಿನವನ್ನು ಮುಚ್ಚಿಡಬೇಕಾದರೆ ಒಂದು ಸುಳ್ಳು ಬರೆಯಬೇಕಾಗುತ್ತದೆ. ನಮ್ಮಲ್ಲಿ ಏನೂ ಬರೆಯದಿದ್ದರೆ ಸಾಕು.

ಇನ್ನು ಬಹುಮಾನಗಳ ವಿಷಯ. ಪ್ರತಿ ವರ್ಷ ಮಾರ್ಚ್ 4ರಂದು ರಾಷ್ಟ್ರೀಯ ಸುರಕ್ಷತಾ ದಿನ. ಕಾರ್ಖಾನೆಗಳಲ್ಲಿ ಪ್ರತಿಜ್ಞೆ, ಘೋಷಣೆ, ಪ್ರಬಂಧ ಸ್ಪರ್ಧೆ. ಇಷ್ಟು ದಿನ ಅಪಘಾತವಿಲ್ಲದೆ ನಡೆಸಿದ ವಿಭಾಗಕ್ಕೆ ಸ್ಟೀಲಿನ ಊಟದ ಡಬ್ಬಿ, ಗೋಡೆ ಗಡಿಯಾರ, ಒಮ್ಮೊಮ್ಮೆ ಗುತ್ತಿಗೆದಾರನಿಗೆ ಪ್ರಶಸ್ತಿ ಫಲಕ. ಒಂದು ಗಾಯ ದಾಖಲಾದರೆ ಇಡೀ ಪಾಳಿಗೆ ಡಬ್ಬಿ ತಪ್ಪುತ್ತದೆ. ಆಗ ಗಾಯ ಮುಚ್ಚಿಡಲು ಮಾಲೀಕ ಹೇಳಬೇಕಾಗಿಯೇ ಇಲ್ಲ, ಜೊತೆಯವರೇ ‘ನಿನ್ನೊಬ್ಬನಿಂದ ಎಲ್ಲರಿಗೂ ತಪ್ಪಿತು’ ಎನ್ನುತ್ತಾರೆ. ಗುತ್ತಿಗೆದಾರನಿಗಂತೂ ಇದು ಡಬ್ಬಿಯ ಪ್ರಶ್ನೆಯಲ್ಲ, ಮುಂದಿನ ಟೆಂಡರಿನದು.

ಅಂಕಿಗಳು ಹೇಗೆ ಕೆಲಸ ಮಾಡುತ್ತವೆ ನೋಡಿ. 1,000 ಜನ, ದಿನಕ್ಕೆ 8 ಗಂಟೆ, ವರ್ಷಕ್ಕೆ 300 ದಿನ ದುಡಿದರೆ 24 ಲಕ್ಷ ಗಂಟೆ. ಮಾನಕದ ಪ್ರಕಾರ, ಕಳೆದ ದಿನಗಳನ್ನು 10 ಲಕ್ಷದಿಂದ ಗುಣಿಸಿ ದುಡಿದ ಗಂಟೆಗಳಿಂದ ಭಾಗಿಸಿದರೆ ಬರುವುದು ತೀವ್ರತೆಯ ದರ. 45 ದಿನದ ಒಂದು ಗಾಯ ಪ್ರಾಮಾಣಿಕವಾಗಿ ದಾಖಲಾದರೆ ಆ ದರ 18.75. ಅದೇ ಗಾಯವನ್ನು ಎರಡು ದಿನವೆಂದು ತೋರಿಸಿದರೆ 0.83. ಲೈಟ್ ಡ್ಯೂಟಿಯಲ್ಲಿ ಕರಗಿಸಿದರೆ ಸೊನ್ನೆ. ಮೂರೂ ಕಾರ್ಖಾನೆಗಳಲ್ಲಿ ಬೆಲ್ಟು ಒಂದೇ, ಪುಲ್ಲಿ ಒಂದೇ, ತೆರೆದ ಬಾಯಿ ಒಂದೇ. ಪ್ರಾಮಾಣಿಕವಾಗಿ ಬರೆದವನು ಪಟ್ಟಿಯ ಕೊನೆಯಲ್ಲಿ ನಿಲ್ಲುತ್ತಾನೆ, ಕುರ್ಚಿ ಕೊಟ್ಟವನು ಫಲಕ ಹಿಡಿದು ಫೋಟೊ ತೆಗೆಸಿಕೊಳ್ಳುತ್ತಾನೆ. ಸಾವುಗಳನ್ನು ಮುಚ್ಚಿಡುವುದು ಕಷ್ಟ, ಅಲ್ಲಿ ಪೊಲೀಸರಿದ್ದಾರೆ, ಶವಾಗಾರವಿದೆ; ಸಾವಿನ ನೋಟಿಸು ಬಂದರೆ ಒಂದು ತಿಂಗಳೊಳಗೆ ವಿಚಾರಣೆ ಶುರು ಮಾಡಬೇಕೆಂದು ಆ 88ನೇ ಕಲಮೇ ಹೇಳಿತ್ತು. ಕೈಬೆರಳಿಗೆ ಅಂಥ ವಿಚಾರಣೆ ಇಲ್ಲ. ವರ್ಷಗಟ್ಟಲೆ ಗಾಯಗಳೇ ಇಲ್ಲದೆ ಏಕಾಏಕಿ ಒಂದು ಸಾವು ವರದಿಯಾಗುವ ಕಾರ್ಖಾನೆಯ ವಹಿಯನ್ನು ನಂಬಬಾರದು. ಅಷ್ಟೂ ವರ್ಷ ಅಲ್ಲಿ ಬೆರಳುಗಳು ಹೋಗಿರುತ್ತವೆ, ಯಾರೂ ಬರೆದಿರುವುದಿಲ್ಲ.

ಗುತ್ತಿಗೆಯವರ ಬಗ್ಗೆ ಪ್ರತ್ಯೇಕ ಪತ್ರವನ್ನೇ ಬರೆಯಬಹುದು. ಬಿಹಾರ, ಜಾರ್ಖಂಡ್, ಒಡಿಶಾದಿಂದ ಬಂದವರಿಗೆ ಪೆಟ್ಟಾದರೆ ಇಲ್ಲಿ ನೋಡಿಕೊಳ್ಳುವವರು ಇರುವುದಿಲ್ಲ. ಮೇಸ್ತ್ರಿ ಟಿಕೆಟ್ ತೆಗೆಸಿ ರೈಲು ಹತ್ತಿಸುತ್ತಾನೆ. ಗೇಟ್ ಪಾಸ್ ರದ್ದಾಗುತ್ತದೆ, ಹಾಜರಿ ಪುಸ್ತಕದಲ್ಲಿ ‘ಕೆಲಸ ಬಿಟ್ಟ’ ಎಂದಾಗುತ್ತದೆ. ಕೆಲಸ ಬಿಟ್ಟವನಿಗೆ ಕಳೆದ ದಿನ ಎಲ್ಲಿಂದ ಬರಬೇಕು? ಅಸಾಮರ್ಥ್ಯದ ಹಣ ಪಡೆಯುತ್ತಿರುವ ಅವಧಿಯಲ್ಲಿ ಯಾರನ್ನೂ ಕೆಲಸದಿಂದ ತೆಗೆಯುವಂತಿಲ್ಲ ಎಂದು 1948ರ ಇ.ಎಸ್.ಐ. ಕಾಯಿದೆಯ 73ನೇ ಕಲಂ ಹೇಳುತ್ತಿತ್ತು. ಗುತ್ತಿಗೆಯವನ ಪರಿಹಾರಕ್ಕೆ ಮೂಲ ಮಾಲೀಕನೇ ಹೊಣೆ ಎಂದು 1923ರ ಕಾಯಿದೆಯ 12ನೇ ಕಲಂ ಅಂದಿನಿಂದಲೂ ಹೇಳಿಕೊಂಡು ಬಂದಿತ್ತು. ಕಲಮುಗಳಿಗೆ ಬರ ಇಲ್ಲ. ಆ ಮನುಷ್ಯನ ಹೆಸರು ಮಾತ್ರ ಮೂಲ ಮಾಲೀಕನ ಅಪಘಾತ ವಹಿಯಲ್ಲಿ ಇರುವುದಿಲ್ಲ.

ಗಂಗಾವತಿ, ಕಾರಟಗಿ, ಸಿಂಧನೂರಿನ ಅಕ್ಕಿ ಗಿರಣಿಗಳಲ್ಲಿ ಮೂಟೆ ಹೊರುವ ಹಮಾಲರಿಗೂ ರಾಯಚೂರಿನ ಹತ್ತಿ ಜಿನ್ನಿಂಗ್‌ನಲ್ಲಿ ಹಂಗಾಮಿಗೆ ಮಾತ್ರ ದುಡಿಯುವ ಹೆಣ್ಣುಮಕ್ಕಳಿಗೂ ಹಾಜರಿಯೇ ಇಲ್ಲ. ಮೂಟೆಗಿಷ್ಟು, ದಿನಕ್ಕಿಷ್ಟು. ‘ಕೆಲಸದ ದಿನ’ ಎಂಬ ಅಳತೆ ಅವರಿಗೆ ಕೂರುವುದೇ ಇಲ್ಲ, ಏಕೆಂದರೆ ನಾಳೆ ಲಾರಿ ಬರುತ್ತದೋ ಇಲ್ಲವೋ ಎಂಬುದು ನಾಳೆಯೇ ತಿಳಿಯುತ್ತದೆ. ಅವರ ಬೆನ್ನೆಲುಬಿನ ಲೆಕ್ಕಕ್ಕೆ ಕ್ಯಾಲೆಂಡರಿನ ದಿನವೊಂದೇ ದಾರಿ. ಬಳ್ಳಾರಿಯ ಜೀನ್ಸ್ ಹೊಲಿಯುವ ಮನೆಗಳಲ್ಲಿ ಬೆರಳಿಗೆ ಸೂಜಿ ಹೊಕ್ಕವರ ವಿಷಯವನ್ನು ಸದ್ಯಕ್ಕೆ ಬಿಡುತ್ತೇನೆ. ಅಲ್ಲಿಗೆ ವಹಿಯೇ ಹೋಗಿಲ್ಲ.

‘ಫಿಟ್’ ಪ್ರಮಾಣಪತ್ರದ ಬಗ್ಗೆಯೂ ಒಂದು ಮಾತು. ಯಾವ ಕೆಲಸಕ್ಕೆ ಫಿಟ್ ಎಂದು ಅದರಲ್ಲಿ ಬರೆದಿರುವುದಿಲ್ಲ. ಸುಟ್ಟ ಗಾಯಕ್ಕೆ ಚರ್ಮ ಕಸಿ ಮಾಡಿಸಿಕೊಂಡ ಒಬ್ಬ ಹಿರಿಯರು ಕಳೆದ ಬೇಸಿಗೆಯಲ್ಲಿ ಬಂದಿದ್ದರು. ಕಸಿ ಮಾಡಿದ ಚರ್ಮ ಸರಿಯಾಗಿ ಬೆವರುವುದಿಲ್ಲ. ಕಾಗದದ ಪ್ರಕಾರ ಅವರು ಫಿಟ್, ಹಾಗಾಗಿ ಮೇ ತಿಂಗಳಿನಲ್ಲಿ ಮತ್ತೆ ಕಿಲ್ನಿನ ಬಾಯಿಗೇ ಕಳುಹಿಸಿದ್ದರು. ಹೊರಗೇ 40 ಡಿಗ್ರಿ ದಾಟುವ ಊರು ನಮ್ಮದು. ಶರ್ಟು ಬಿಚ್ಚಿ ತೋರಿಸಿದರು: ಎಡ ಹೆಗಲಿನಿಂದ ಸೊಂಟದವರೆಗೆ ಚರ್ಮ ಒಣಗಿ ಮಿರುಗುತ್ತಿತ್ತು, ಬಲಗಡೆ ಮಾತ್ರ ಬೆವರು ಹರಿಯುತ್ತಿತ್ತು. ಎರಡು ದಿನ ಹೋಗಿ ಮೂರನೆಯ ದಿನ ತಲೆಸುತ್ತಿ ಬಿದ್ದಿದ್ದರು. ಆ ಬಿದ್ದ ದಿನಗಳು ಹಳೆಯ ಅಪಘಾತದ ಲೆಕ್ಕಕ್ಕೆ ಸೇರಬೇಕೆಂದು ಮಾನಕ ಹೇಳುತ್ತದೆ. ಹಾಜರಿ ಪುಸ್ತಕದಲ್ಲಿ ಅವು ಗೈರುಹಾಜರಿ.

ಆದ್ದರಿಂದ, ಮಾನ್ಯರೇ, ನಮೂನೆಯಲ್ಲಿ ಆಗಬೇಕಾದ ಬದಲಾವಣೆ ದೊಡ್ಡದೇನಲ್ಲ. ಅಪಘಾತದ ನೋಟಿಸಿನಲ್ಲೂ ವಹಿಯಲ್ಲೂ ಪೆಟ್ಟಾದ ದಿನಾಂಕದ ಪಕ್ಕ, ತನ್ನ ಮೊದಲಿನ ಕೆಲಸಕ್ಕೇ ಮರಳಲು ವೈದ್ಯರು ಒಪ್ಪಿದ ದಿನಾಂಕವನ್ನು ಬರೆಯುವಂತಾಗಲಿ. ನಡುವಿನ ಕ್ಯಾಲೆಂಡರ್ ದಿನಗಳು ಎಷ್ಟು, ಅದರಲ್ಲಿ ಲೈಟ್ ಡ್ಯೂಟಿಯವು ಎಷ್ಟು, ಅದೇ ಗಾಯಕ್ಕೆ ಮತ್ತೆ ಮಲಗಿದ್ದು ಎಷ್ಟು ಎಂಬ ಅಂಕಣಗಳು ಬರಲಿ. ಗುತ್ತಿಗೆಯವನಾದರೂ ಮೂಲ ಮಾಲೀಕನ ವಹಿಯಲ್ಲೇ ಹೆಸರಿರಲಿ. ಆ ಪುಟದ ಒಂದು ಪ್ರತಿ ಗಾಯಗೊಂಡವನ ಕೈಗೆ ಸಿಗಬೇಕು, ಅವನಿಗೆ ಓದಲು ಬರುವ ಭಾಷೆಯಲ್ಲಿ. ಇದೊಂದಾದರೆ ನನ್ನಂಥವರ ಅರ್ಧ ಕೆಲಸ ಕಡಿಮೆಯಾಗುತ್ತದೆ, ಹೊಟ್ಟೆಪಾಡಿಗೆ ಪಹಣಿಗಳು ಇದ್ದೇ ಇವೆ.

ತಪಾಸಣೆಗೆ ಬಂದಾಗ ಅಪಘಾತ ವಹಿಯೊಂದನ್ನೇ ತೆರೆಯಬೇಡಿ ಎಂದು ನಿಮ್ಮ ಅಧಿಕಾರಿಗಳಿಗೆ ತಿಳಿಸಿ. ಪ್ರಥಮ ಚಿಕಿತ್ಸೆ ಕೋಣೆಯ ಪುಸ್ತಕ, ಗೇಟಿನಲ್ಲಿ ಆಂಬುಲೆನ್ಸ್ ಹೊರಗೆ ಹೋದ ಹೊತ್ತು ಬರೆದ ವಾಹನ ಪುಸ್ತಕ, ಬೆರಳಚ್ಚಿನ ಯಂತ್ರದ ದಾಖಲೆ, ಇವುಗಳನ್ನು ಅಕ್ಕಪಕ್ಕ ಇಟ್ಟು ನೋಡಲಿ. ಭದ್ರತಾ ಸಿಬ್ಬಂದಿ ಬರೆಯುವ ವಾಹನ ಪುಸ್ತಕವನ್ನು ತಿದ್ದಬೇಕೆಂದು ಯಾರಿಗೂ ಹೊಳೆಯುವುದಿಲ್ಲ. ನನ್ನ ಅನುಭವದಲ್ಲಿ ಕಾರ್ಖಾನೆಯ ಅತ್ಯಂತ ಸತ್ಯವಂತ ದಾಖಲೆ ಅದೇ. ಬಹುಮಾನಗಳನ್ನು ಸೊನ್ನೆಗೆ ಕೊಡುವುದನ್ನು ಬಿಟ್ಟು, ಸಣ್ಣ ಗಾಯವನ್ನೂ ವರದಿ ಮಾಡಿ ಆ ಪುಲ್ಲಿಗೆ ಜಾಲರಿ ಹಾಕಿಸಿದ ವಿಭಾಗಕ್ಕೆ ಕೊಡಿಸಿ. ಕೊನೆಗೆ, ಜಿಲ್ಲಾವಾರು ಕಳೆದ ದಿನಗಳ ಮೊತ್ತವನ್ನು ವರ್ಷಕ್ಕೊಮ್ಮೆ ಪ್ರಕಟಿಸಿ. ಮೊದಲ ವರ್ಷ ಕೊಪ್ಪಳ, ಬಳ್ಳಾರಿ, ರಾಯಚೂರುಗಳ ಅಂಕಿ ನೋಡಿ ಪತ್ರಿಕೆಗಳು ಗಾಬರಿಪಡಬಹುದು. ‘ಅಪಘಾತ ಹೆಚ್ಚಿದವು’ ಎಂದು ತಲೆಬರಹ ಬರಬಹುದು. ಬರಲಿ. ಹೆಚ್ಚಿದ್ದು ಬರವಣಿಗೆ ಎಂದು ವಿವರಿಸಲು ಇಲಾಖೆಗೆ ಒಂದು ಪ್ರಕಟಣೆ ಸಾಕು.

ಹೊಸ ಸಂಹಿತೆ ಬಂದಿರುವುದರಿಂದ ಹಳೆಯ ನಮೂನೆಗಳನ್ನು ಹೇಗಿದ್ದರೂ ಬದಲಾಯಿಸಬೇಕಾಗುತ್ತದೆ. ಒಂದು ಸಲ ಅಚ್ಚಾದ ನಮೂನೆ ಎಷ್ಟು ದಶಕ ಉಳಿಯುತ್ತದೆಂದು ಅರ್ಜಿ ಬರೆಯುವವನಿಗೆ ಹೇಳಿಕೊಡಬೇಕಿಲ್ಲ, ಅದಕ್ಕೇ ಈಗ ಅವಸರಪಡುತ್ತಿದ್ದೇನೆ. ಮೇಲೆ ಹೇಳಿದ ಅಂಕಣಗಳಿರುವ ಒಂದು ಪುಟದ ಕರಡನ್ನು ಕನ್ನಡದಲ್ಲೂ ಹಿಂದಿಯಲ್ಲೂ ಸಿದ್ಧಪಡಿಸಿ ಈ ಪತ್ರದ ಜೊತೆ ಅಂಚೆಯಲ್ಲಿ ಕಳುಹಿಸಿದ್ದೇನೆ. ಹಿಂದಿಯನ್ನು ನೋಡಿಕೊಟ್ಟವನು ಕಾಲು ಮುರಿದುಕೊಂಡು ಗಿಣಿಗೇರಿಯ ಬಾಡಿಗೆ ಕೋಣೆಯಲ್ಲಿ ಮಲಗಿರುವ ಗಯಾ ಜಿಲ್ಲೆಯ ಒಬ್ಬ ಫಿಟ್ಟರ್. ಅವನ ದಿನಗಳನ್ನು ಸದ್ಯಕ್ಕೆ ಅವನೇ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದಾನೆ. ಕರಡಿನಲ್ಲಿ ಏನಾದರೂ ತಿದ್ದುಪಡಿ ಬೇಕಿದ್ದರೆ ತಿಳಿಸಿ. ಟೈಪು ಮಾಡಿಕೊಡುವುದಕ್ಕೆ ಇಲಾಖೆಯಿಂದ ಹಣ ಕೇಳುವುದಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಅರ್ಜಿ ಬರಹಗಾರ,
ಕೊಪ್ಪಳ